ಎದುರು ಪ್ಲೇಟಿನ ಲೆಕ್ಕ

19 ನವೆಂಬರ್ 2024, ಮಂಗಳವಾರ

"ಮೇಡಂ, ಆ ಕಡೆ ಪ್ಲೇಟು ಯಾವ ಲೋಹದ್ದು ಅಂತ ಕೊಟ್ಟೇ ಇಲ್ವಲ್ಲ?"

ಬಿ ಸೆಕ್ಷನ್ನಿನ ಕಿಟಕಿ ಪಕ್ಕದ ಹುಡುಗಿ. ತಾನಾಗಿ ಬಾಯಿ ಬಿಡುವವಳೇ ಅಲ್ಲ. ಬೋರ್ಡ್ ಮೇಲಿದ್ದದ್ದು ವರ್ಷಾವರ್ಷ ಮಾಡಿಸುವ ಫೋಟೋಎಲೆಕ್ಟ್ರಿಕ್ ಲೆಕ್ಕ, ಒಂದು ಪ್ಲೇಟಿಗೆ ಬೆಳಕು ಬಿದ್ದು ಎಲೆಕ್ಟ್ರಾನ್ ಎದುರು ಪ್ಲೇಟಿಗೆ ಹಾರುವಂಥದ್ದು: ಪೊಟ್ಯಾಶಿಯಂ, ವರ್ಕ್ ಫಂಕ್ಷನ್ (ಎಲೆಕ್ಟ್ರಾನ್ ಲೋಹದಿಂದ ಹೊರಬರಲು ಬೇಕಾದ ಕನಿಷ್ಠ ಶಕ್ತಿ) 2.3 ಎಲೆಕ್ಟ್ರಾನ್‌ವೋಲ್ಟ್, ಬೀಳುವ ಫೋಟಾನಿನ (ಬೆಳಕಿನ ಕಣದ) ಶಕ್ತಿ 5, ಸ್ಟಾಪಿಂಗ್ ಪೊಟೆನ್ಶಿಯಲ್, ಅಂದರೆ ಹಾರಿದ ಎಲೆಕ್ಟ್ರಾನನ್ನು ತಡೆದು ನಿಲ್ಲಿಸುವ ವೋಲ್ಟೇಜ್, ಎಷ್ಟು? ಕಳೆದರೆ 2.7 ವೋಲ್ಟ್. ಉಳಿದವರೆಲ್ಲ ಬರೆದುಕೊಂಡು ಪುಟ ಮಗುಚಿದ್ದರು. ಅಷ್ಟರಲ್ಲಿ ಬೆಲ್. "ಮಧ್ಯಾಹ್ನ ಲ್ಯಾಬಿಗೆ ಬಾರಮ್ಮ" ಅಂದೆ.

ಎಲೆಕ್ಟ್ರಾನ್ ಹೊರಡುವ ಲೋಹದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೋಗಿ ಸೇರುವ ಲೋಹದ ಬಗ್ಗೆ ಕೇಳುವವರಿಲ್ಲ. ಆದರೆ ಸರ್ಕೀಟಿನಲ್ಲಿ ಎರಡನ್ನೂ ತಂತಿ ಕೂಡಿಸಿದೆಯಲ್ಲ! ಎದುರು ಪ್ಲೇಟು ತಾಮ್ರದ್ದು ಅಂದುಕೊಳ್ಳಿ, ವರ್ಕ್ ಫಂಕ್ಷನ್ 4.65. ತಂತಿ ಜೋಡಿಸಿದ ಕೂಡಲೇ ಪೊಟ್ಯಾಶಿಯಂನಿಂದ ಒಂದಿಷ್ಟು ಎಲೆಕ್ಟ್ರಾನ್ ತಾಮ್ರದ ಕಡೆ ಹರಿದು, ಎರಡರ ಫರ್ಮಿ ಮಟ್ಟ (ಲೋಹದೊಳಗೆ ಎಲೆಕ್ಟ್ರಾನ್ ತುಂಬಿರುವ ಶಕ್ತಿಯ ಮೇಲಂಚು) ಸಮವಾದಾಗ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಪೊಟ್ಯಾಶಿಯಂ ಕೊಂಚ ಧನ, ತಾಮ್ರ ಕೊಂಚ ಋಣ. ನಡುವಿನ ನಿರ್ವಾತದಲ್ಲಿ ಬ್ಯಾಟರಿಯೇ ಇಲ್ಲದೆ 2.35 ವೋಲ್ಟ್ ಬಂದು ಕೂರುತ್ತದೆ. ನಾವು ನಾಬ್ ತಿರುಗಿಸುವ ಮೊದಲೇ ಎಲೆಕ್ಟ್ರಾನಿಗೆ ಅಡ್ಡಿ ಶುರುವಾಗಿರುತ್ತದೆ.

ಅವಳು ಇಷ್ಟಕ್ಕೇ ಒಪ್ಪಲಿಲ್ಲ. ಡ್ರಾಯರಿನಿಂದ ತಾಮ್ರದ ಪಟ್ಟಿ, ಸತುವಿನ ಪಟ್ಟಿ ತೆಗೆದು ತುದಿಗೆ ತುದಿ ಸೇರಿಸಿ ಕ್ಲಿಪ್ ಹಾಕಿದಳು. ಮಲ್ಟಿಮೀಟರಿನ ಕೆಂಪು ಕಡ್ಡಿ ಒಂದಕ್ಕೆ, ಕಪ್ಪು ಕಡ್ಡಿ ಇನ್ನೊಂದಕ್ಕೆ. ಸೊನ್ನೆ. ಪಟ್ಟಿಗಳನ್ನು ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ ಮತ್ತೆ ಒತ್ತಿದಳು. ಆಗಲೂ ಸೊನ್ನೆ. "ಇಲ್ವಲ್ಲ ಮೇಡಂ?"

ನನಗೆ ಎಷ್ಟು ಖುಷಿಯಾಯಿತೆಂದರೆ! ಹೇಳಿದ್ದನ್ನು ನಂಬದೆ ಅಳೆದು ನೋಡುವ ಮಕ್ಕಳು ಬೇಕು ನಮಗೆ. ಮೀಟರಿನ ಕಡ್ಡಿಗಳೂ ಲೋಹವೇ. ಅವು ಮುಟ್ಟಿದಲ್ಲೆಲ್ಲ ಅವುಗಳದ್ದೂ ಒಂದೊಂದು ವ್ಯತ್ಯಾಸ ಸೇರುತ್ತದೆ, ಒಂದೇ ಉಷ್ಣತೆಯಲ್ಲಿ ಸುತ್ತು ಮುಗಿಸಿ ಬಂದರೆ ಎಲ್ಲ ಕೂಡಿ ಸೊನ್ನೆ. ಲೋಹಗಳ ಸ್ಪರ್ಶದಿಂದಲೇ ವಿದ್ಯುತ್ ಹುಟ್ಟುತ್ತದೆಂದು ವೋಲ್ಟಾ 1790ರ ದಶಕದಲ್ಲೇ ವಾದ ಹೂಡಿದ್ದ. ಕೆಲ್ವಿನ್ 1898ರಲ್ಲಿ ಅದನ್ನು ಅಳೆಯುವ ಉಪಾಯ ಬರೆದ: ಎದುರುಬದುರು ಹಿಡಿದ ಎರಡು ಪ್ಲೇಟುಗಳ ಅಂತರ ಬದಲಿಸಿದರೆ ಅವುಗಳ ಮೇಲಿನ ಚಾರ್ಜ್ ಬದಲಾಗಬೇಕು, ಹಾಗೆ ಹರಿಯುವ ಚಾರ್ಜನ್ನು ಹಿಡಿಯಬಹುದು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎರಡು ಬಾವಿ ಒಳಗಿಂದ ಸೇರ್ಕೊಂಡ ಹಾಗೆ. ನೀರಿನ ಮಟ್ಟ ಒಂದೇ, ಕಟ್ಟೆ ಎತ್ತರ ಬೇರೆ ಬೇರೆ" ಅಂದಳು.

ಅಷ್ಟೇ ವಿಷಯ. ನೀರಿನ ಮಟ್ಟವೇ ಫರ್ಮಿ ಮಟ್ಟ, ಕಟ್ಟೆಯೇ ವರ್ಕ್ ಫಂಕ್ಷನ್. ನೀರಿನ ಮಟ್ಟದಿಂದ 5 ಶಕ್ತಿ ಹೊತ್ತು ಎದ್ದವನಿಗೆ ಪೊಟ್ಯಾಶಿಯಂನ ಕಟ್ಟೆ ದಾಟುವುದು ಸುಲಭ, ಮುಂದೆ ತಾಮ್ರದ 4.65ರ ಕಟ್ಟೆಯನ್ನೂ ಹತ್ತಬೇಕು. ಉಳಿಯುವುದು 0.35. ಅವನನ್ನು ನಿಲ್ಲಿಸಲು 0.35 ವೋಲ್ಟ್ ಸಾಕು, 2.7 ಬೇಕಿಲ್ಲ. ಉತ್ತರದಲ್ಲಿ ಪೊಟ್ಯಾಶಿಯಂನ ವರ್ಕ್ ಫಂಕ್ಷನ್ ಕಾಣುವುದೇ ಇಲ್ಲ! ಬೆಳಕಿನ ಆವರ್ತನಕ್ಕೆ ಎದುರಾಗಿ ನಿಲ್ಲಿಸುವ ವೋಲ್ಟೇಜ್ ಗುರುತಿಸಿದ ಗ್ರಾಫಿನ ಇಳಿಜಾರು ಮಾತ್ರ ಹಾಗೇ ಇರುತ್ತದೆ, ಅದರಿಂದ ಸಿಗುವ ಪ್ಲಾಂಕ್ ಸ್ಥಿರಾಂಕಕ್ಕೆ ಏನೂ ಆಗುವುದಿಲ್ಲ.

ಅಮ್ಮ ಎರಡು ಸಲ ಫೋನ್ ಮಾಡಿದ್ದರು, ಈಗ ನೋಡಿದೆ. ಮಂಡಿನೋವು ಜಾಸ್ತಿಯಾಗಿದೆಯಂತೆ. ಭಾನುವಾರ ಹೋಗಲೇಬೇಕು.

ಎಂಎಸ್ಸಿ ಲ್ಯಾಬಿನ ಫೋಟೋಸೆಲ್ ನೆನಪಾಗುತ್ತಿದೆ. ಗಾಜಿನ ಬುರುಡೆಯ ಒಳಮೈಗೆ ಪೊಟ್ಯಾಶಿಯಂ, ಎದುರಿಗೆ ಪ್ಲಾಟಿನಂ ತಂತಿಯ ಉಂಗುರ. ರೀಡಿಂಗ್ ತೆಗೆಯುವ ಮೊದಲು ಉಂಗುರಕ್ಕೆ ಕರೆಂಟ್ ಹಾಯಿಸಿ ಮಬ್ಬುಗೆಂಪಾಗುವ ತನಕ ಕಾಯಿಸುತ್ತಿದ್ದೆವು. ಹಾರಿ ಬಂದ ಪೊಟ್ಯಾಶಿಯಂ ಉಂಗುರಕ್ಕೆ ಅಂಟಿಕೊಂಡರೆ ಅದೂ ಬೆಳಕಿಗೆ ಎಲೆಕ್ಟ್ರಾನ್ ಬಿಡುತ್ತದೆ, ಪ್ಲಾಟಿನಂನ 5.65 ಕೂಡ ಇಳಿದುಹೋಗುತ್ತದೆ. ಮೇಲ್ಮೈಗೆ ಏನು ಅಂಟಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಮೆರಿಕದ ಭೌತವಿಜ್ಞಾನಿ ಮಿಲಿಕನ್ ಶಿಕಾಗೋದಲ್ಲಿ ನಿರ್ವಾತದ ಗಾಜಿನ ಕೊಳವೆಯೊಳಗೇ ಚಾಕು ಇಟ್ಟು, ಹೊರಗಿನಿಂದ ಅಯಸ್ಕಾಂತದಲ್ಲಿ ಅದನ್ನು ಆಡಿಸಿ, ಸೋಡಿಯಂ, ಪೊಟ್ಯಾಶಿಯಂ, ಲಿಥಿಯಂನ ಮೇಲ್ಪದರ ಹೆರೆದು ಹೊಸ ಮೈ ಮಾಡಿಕೊಳ್ಳುತ್ತಿದ್ದ. ಈ ಸ್ಪರ್ಶ ವೋಲ್ಟೇಜನ್ನೂ ಬೇರೆಯಾಗಿ ಅಳೆದು ಲೆಕ್ಕಕ್ಕೆ ಸೇರಿಸಿದ. ಐನ್‌ಸ್ಟೈನ್ 1905ರಲ್ಲಿ ಬೆಳಕು ಶಕ್ತಿಯ ಕಣಗಳಾಗಿ ಬರುತ್ತದೆಂದು ಹೇಳಿದ್ದನ್ನು ಒಪ್ಪದೆಯೇ ಶುರುಮಾಡಿದ ಕೆಲಸ. 1916ರಲ್ಲಿ ಬಂದ ಪ್ಲಾಂಕ್ ಸ್ಥಿರಾಂಕ 6.57, ಇವತ್ತಿನದು 6.626 (ಎರಡೂ 10ರ ಮೈನಸ್ 34ನೇ ಘಾತದಲ್ಲಿ, ಜೂಲ್-ಸೆಕೆಂಡ್). ಆ ಶ್ರದ್ಧೆಯ ಮುಂದೆ ನನಗೆ ಮಾತೇ ಹೊರಡುವುದಿಲ್ಲ.

ಹೊರಡುವಾಗ ಅವಳು ಕೇಳಿದ್ದು ಇನ್ನೂ ಕೊರೆಯುತ್ತಿದೆ. "ಪರೀಕ್ಷೇಲಿ ಯಾವುದು ಬರೀಲಿ ಮೇಡಂ?" ಮನೆಯಲ್ಲಿ ಮೊದಲ ಬಾರಿಗೆ ಪಿಯು ಓದುತ್ತಿರುವವಳು, ಒಂದೊಂದು ಅಂಕವೂ ಅವಳಿಗೆ ಬೇಕು. ಸತ್ಯ ಗೊತ್ತಾದ ಮೇಲೆ ಅದನ್ನು ಮರೆತು ಬರಿ ಅನ್ನಲು ನನಗೆ ಮನಸ್ಸಿಲ್ಲ. "ಎರಡೂ ಪ್ಲೇಟು ಒಂದೇ ಲೋಹದವು ಎಂದಿಟ್ಟುಕೊಂಡರೆ" ಅಂತ ಒಂದು ಸಾಲು ಸೇರಿಸಿ 2.7 ಬರೆ ಅಂದೆ. ಆಗ ಅದು ಪೂರ್ತಿ ಸರಿ. ತಿದ್ದುವವರಿಗೂ ತೊಂದರೆಯಿಲ್ಲ. ನಾಳೆ ಎ ಸೆಕ್ಷನ್ನಿನಲ್ಲಿ ಆ ಸಾಲನ್ನು ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಒಂಬತ್ತೂವರೆಗೆ ಅವರಪ್ಪನ ನಂಬರಿನಿಂದ ಮೆಸೇಜು: "ಮೇಡಂ, ನೇರಳೆ ಬೆಳಕು 3.1 ಮಾತ್ರ ಅಲ್ವಾ? ಪೊಟ್ಯಾಶಿಯಂನಿಂದ ಹೊರಗೆ ಬರುತ್ತೆ, ತಾಮ್ರಕ್ಕೆ ಸೇರೋದೇ ಇಲ್ವಲ್ಲ?" 3.1ರಲ್ಲಿ 4.65 ಕಳೆದರೆ ಮೈನಸ್ 1.55. ಅಂದರೆ ತಾಮ್ರಕ್ಕೆ 1.55 ವೋಲ್ಟ್ ಧನ ಕೊಟ್ಟು ಕರೆದರಷ್ಟೇ ವೇಗದ ಎಲೆಕ್ಟ್ರಾನಾದರೂ ಬಂದು ಮುಟ್ಟೀತು, ಅದಕ್ಕೂ ಕಡಿಮೆ ಕೊಟ್ಟರೆ ಮೀಟರಿನಲ್ಲಿ ಏನೂ ಇಲ್ಲ, ನೋಡಿದವರು ಬೆಳಕೇ ಸಾಲದು ಅಂದುಕೊಂಡಾರು.