ಗೊಬ್ಬರದ ಊರಿಗೆ ಅಪ್ಪ ಬಂದರು

ಮೊರಾಕ್ಕೊದಲ್ಲಿದ್ದೀವಿ ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಒಂಟೆ ಹತ್ತಿದ್ರಾ? ಆ ನೀಲಿ ಬಣ್ಣದ ಊರು ನೋಡಿದ್ರಾ? ನಮ್ಮಪ್ಪ ಮಾತ್ರ ಕಾಸಾಬ್ಲಾಂಕಾದಲ್ಲಿ ವಿಮಾನ ಇಳಿದು ಕಾರು ಹತ್ತುವ ಮೊದಲೇ ಕೇಳಿದರು, "ಆ ಡಿಎಪಿ ಕಲ್ಲು ಎಲ್ಲಿ ಅಗೀತಾರೆ ಕಣವ್ವ?"

ಅಪ್ಪನದು ಮಂಡ್ಯದ ಹತ್ತಿರ ಮೂರು ಎಕರೆ. ಕಬ್ಬು, ಭತ್ತ, ಮನೆ ಮಟ್ಟಿಗೆ ರಾಗಿ. ಡಿಎಪಿ ಗೊಬ್ಬರದ ಚೀಲದ ಮೇಲಿನ 18-46 ಅನ್ನುವ ನಂಬರು ಅವರಿಗೆ ನನ್ನ ಹುಟ್ಟಿದ ತಾರೀಕಿಗಿಂತ ಚೆನ್ನಾಗಿ ನೆನಪಿದೆ. ಅಳಿಯ ಕೆಲಸ ಮಾಡುವುದು ಜೊರ್ಫ್ ಲಸ್ಫರ್ ಬಂದರಿನ ಪಕ್ಕ, ಫಾಸ್ಫಾರಿಕ್ ಆಸಿಡ್ ಮಾಡುವ ಕಡೆ. ಆ ಆಸಿಡ್ ಹಡಗು ಹತ್ತಿ ನಮ್ಮ ದೇಶಕ್ಕೂ ಹೋಗುತ್ತದೆ. ಅಲ್ಲಿ ಅಮೋನಿಯ ಸೇರಿಸಿದರೆ ಡಿಎಪಿ. ಹಾಗಾಗಿ ಅಪ್ಪನ ಲೆಕ್ಕದಲ್ಲಿ ಮಗಳನ್ನು ಕೊಟ್ಟಿದ್ದು ಗೊಬ್ಬರದ ತವರಿಗೆ.

ನಾವಿರುವ ಎಲ್ ಜದೀದಾ ಸಮುದ್ರದ ದಡದ ಊರು. ಪೋರ್ಚುಗೀಸರ ಹಳೇ ಕೋಟೆ ಇದೆ, ಅದರೊಳಗೆ ಕಂಬ ಕಂಬದ ನೆಲಮಾಳಿಗೆ ನೀರಿನ ತೊಟ್ಟಿ ಇದೆ. ನೋಡಲು ಜನ ದೂರದಿಂದ ಬರುತ್ತಾರೆ. ಅಪ್ಪ ಹತ್ತು ನಿಮಿಷ ನೋಡಿ "ತಂಪಾಗೈತೆ" ಅಂದರು, ಅಷ್ಟೇ. ಮಾರನೇ ದಿನ ಸಿದಿ ಬೆನ್ನೂರ್ ಕಡೆಯ ಹೊಲಕ್ಕೆ ಕರೆದುಕೊಂಡು ಹೋದಾಗ ಮಾತ್ರ ಕಾರಿನಿಂದ ಇಳಿದವರು ಹತ್ತಲೇ ಇಲ್ಲ. ಅಲ್ಲಿ ಸಕ್ಕರೆಗೆ ಅಂತ ಬೆಳೆಯುವುದು ಕಬ್ಬಲ್ಲ, ಬಿಳಿ ಬೀಟ್‌ರೂಟ್. ಬದುವಿನಲ್ಲಿ ಕೂತು ಒಂದು ಗೆಡ್ಡೆಯ ಸುತ್ತ ಮಣ್ಣು ಸರಿಸಿ ನೋಡಿದರು. "ಗೆಡ್ಡೆಯಿಂದ ಸಕ್ಕರೆ! ನಮ್ಮೂರ ಗಾಣದೋರಿಗೆ ಹೇಳಿದ್ರೆ ನಗ್ತಾರೆ."

ಅಮ್ಮನ ಕಥೆ ಬೇರೆ. ಅಮ್ಮನಿಗೆ ಸಿಕ್ಕಿದ್ದು ಎದುರುಮನೆಯ ಹಾಜ್ಜಾ. ಮೆಕ್ಕಾಗೆ ಹೋಗಿ ಬಂದ ಹಿರಿಯ ಹೆಂಗಸನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಾವು ಹೊಸದಾಗಿ ಬಂದಾಗ ಗ್ಯಾಸ್ ಸಿಲಿಂಡರ್ ಎಲ್ಲಿ ತರಬೇಕು, ಯಾವ ಅಂಗಡಿಯವನು ಮೋಸ ಮಾಡುತ್ತಾನೆ, ಎಲ್ಲ ಹೇಳಿಕೊಟ್ಟವರು ಅವರೇ. ಅಮ್ಮನಿಗೆ ಅರಬಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಮೊದಲ ದಿನವೇ ಹಾಜ್ಜಾ ತಟ್ಟೆ ತುಂಬಾ ಬಗ್ರೀರ್ ತಂದರು. ರವೆಯಲ್ಲಿ ಮಾಡುವ ದೋಸೆ, ಮೇಲೆಲ್ಲ ತೂತು ತೂತು. ಅಮ್ಮ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಒಂದೇ ಕಡೆ ಬೇಯಿಸಿದ್ದಾರೆ, ಮಗುಚಿಲ್ಲ. ಸೆಟ್ ದೋಸೆ ಕಣೇ ಇದು." ಹಾಜ್ಜಾ ಪಕ್ಕದಲ್ಲಿ ನಿಂತು "ಕೂಲಿ, ಕೂಲಿ" ಅಂತ ಒತ್ತಾಯ ಮಾಡುತ್ತಿದ್ದರು. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಕೂಲಿ ಯಾಕೆ ಕೇಳ್ತಾರೆ? ದೋಸೆಗೆ ದುಡ್ಡು ಕೊಡ್ಬೇಕಾ?" ಇಲ್ಲಿನ ಮಾತಿನಲ್ಲಿ ಹೆಂಗಸರಿಗೆ "ತಿನ್ನು" ಅನ್ನೋದೇ "ಕೂಲಿ". ಅವತ್ತಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವುದೇ ಹಾಗೆ.

ಫೆಸ್‌ಗೆ ಹೋಗುವ ಮಾತು ಬಂದಾಗ ಹಾಜ್ಜಾ ತಾನೂ ಬರ್ತೀನಿ ಅಂದರು. ಅಲ್ಲಿ ಅವರ ತಂಗಿ ಮನೆ ಇದೆ. ಏಳು ಸೀಟಿನ ಬಾಡಿಗೆ ಕಾರು, ನಾವು ಮೂವರು, ಅಪ್ಪ, ಅಮ್ಮ, ಹಾಜ್ಜಾ. ಅವರ ತೊಡೆ ಮೇಲೆ ಕೂಸಿನ ಹಾಗೆ ಒಂದು ಸಕ್ಕರೆ ಗೋಪುರ. ನೇರಳೆ ಕಾಗದ ಸುತ್ತಿದ ಎರಡು ಕೇಜಿಯ ಗಟ್ಟಿ ಸಕ್ಕರೆ. ಮದುವೆಗೂ ಸಾವಿಗೂ ನೆಂಟರ ಮನೆಗೂ ಇಲ್ಲಿ ಅದನ್ನೇ ಒಯ್ಯುತ್ತಾರೆ. ಅಮ್ಮ ತಮ್ಮ ಚೀಲ ಬಿಚ್ಚಿ ಅಚ್ಚುಬೆಲ್ಲ ತೋರಿಸಿದರು. ಇಬ್ಬರೂ ಒಬ್ಬರದನ್ನೊಬ್ಬರು ಕೈಯಲ್ಲಿ ತೂಗಿ ನೋಡಿದರು. ಸುಮಾರು 400 ಕಿಲೋಮೀಟರ್ ದಾರಿ, ಇವರಿಬ್ಬರ ಮಾತು ನಿಲ್ಲಲಿಲ್ಲ. ಯಾವ ಭಾಷೆಯಲ್ಲಿ ಅಂತ ಕೇಳಬೇಡಿ.

ಮರುದಿನ ಶುಕ್ರವಾರ. ಇಲ್ಲಿ ಶುಕ್ರವಾರ ಅಂದ್ರೆ ಕುಸ್ಕುಸ್, ಮನೆಮನೆಯಲ್ಲೂ. ಆದರೆ ಶುಕ್ರವಾರ ಅಮ್ಮ ಮಾಂಸ ಮುಟ್ಟುವುದಿಲ್ಲ. ಇದನ್ನು ಹೇಗೆ ಹೇಳೋದು ಅಂತ ನನಗೆ ಹಿಂದಿನ ದಿನದಿಂದ ಚಿಂತೆ. ಹೇಳಿದೆ. ಹಾಜ್ಜಾ ತಲೆಯಾಡಿಸಿದರು, ಶುಕ್ರವಾರ ದೊಡ್ಡ ದಿನ ಅನ್ನುವುದು ಅವರಿಗೆ ಬಿಡಿಸಿ ಹೇಳಬೇಕಾ? ತಂಗಿಯ ಮನೆಯಲ್ಲಿ ಅಮ್ಮನಿಗಾಗಿ ಬೇರೆ ಪಾತ್ರೆ ಏರಿತು. ಕುಂಬಳಕಾಯಿ, ಗಜ್ಜರಿ, ಎಲೆಕೋಸು, ಕಡಲೆಕಾಳು. ರವೆಯ ಸಣ್ಣ ಕಾಳಿಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಗಂಟು ಬಿಡಿಸಿ, ಹಬೆಗೆ ಇಡುವುದು. ಇಳಿಸಿ ಮತ್ತೆ ಉಜ್ಜುವುದು, ಮತ್ತೆ ಹಬೆ. ಮೂರು ಸಲ. ಎರಡನೇ ಸಲಕ್ಕೆ ಅಮ್ಮ ಸೆರಗು ಸಿಕ್ಕಿಸಿಕೊಂಡು ತಾವೇ ಕೈ ಹಾಕಿದರು. ಬಿಸಿಗೆ ಬೆರಳು ಊದಿಕೊಂಡರೂ ಬಿಡಲಿಲ್ಲ. ಊಟ ಮಾತ್ರ ಒಂದೇ ಹರಿವಾಣದಲ್ಲಿ ಎಲ್ಲರೂ ಸುತ್ತ ಕೂತು. ನಮ್ಮಮ್ಮ, ಎಂಜಲು ಅಂತ ಗಂಡನ ಲೋಟದಲ್ಲೂ ನೀರು ಕುಡಿಯದವರು, ತಮ್ಮ ಮುಂದಿನ ಭಾಗಕ್ಕೆ ಚಮಚದಲ್ಲೇ ಗೆರೆ ಎಳೆದುಕೊಂಡು ಉಂಡರು.

ಫೆಸ್‌ನ ಹಳೇ ಪೇಟೆಯಲ್ಲಿ ಕಾರಿಲ್ಲ, ಬೈಕೂ ಇಲ್ಲದಂಥ ಓಣಿಗಳು. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. "ಬಾಲಕ್! ಬಾಲಕ್!" ಅಂತ ಕೂಗಿದರೆ ಗೋಡೆಗೆ ಅಂಟಿಕೊಳ್ಳಬೇಕು. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಅನ್ನುವ ಹೆಂಗಸು ಕಟ್ಟಿಸಿದಳು ಅನ್ನುವ ಕರವೀಯಿನ್ ಮಸೀದಿಯನ್ನು ಬಾಗಿಲಲ್ಲಿ ನಿಂತು ನೋಡಿದೆವು, ಮುಸ್ಲಿಮರಲ್ಲದವರು ಒಳಗೆ ಹೋಗುವಂತಿಲ್ಲ. ಅಲ್ಲೇ ಒಬ್ಬ ಹುಡುಗ "ಈ ದಾರಿ ಮುಚ್ಚಿದೆ" ಅಂತ ಹೇಳಿ ಸುತ್ತಿಸಿ ಸುತ್ತಿಸಿ ಒಂದು ಚರ್ಮದ ಅಂಗಡಿಗೆ ತಂದು ಬಿಟ್ಟ. ದಾರಿ ಏನೂ ಮುಚ್ಚಿರಲಿಲ್ಲ. ಐವತ್ತು ದಿರ್ಹಮ್ ಹೋಯಿತು.

ಆದರೆ ಆ ಅಂಗಡಿಯ ಮಾಳಿಗೆಯಿಂದ ಕೆಳಗೆ ಚರ್ಮ ಹದ ಮಾಡುವ ಶುವಾರಾ ಕಾಣುತ್ತದೆ. ಜೇನುಗೂಡಿನ ಹಾಗೆ ಕಲ್ಲಿನ ತೊಟ್ಟಿಗಳು, ಬಿಳಿ, ಕೆಂಪು, ಹಳದಿ. ಸೊಂಟದವರೆಗೆ ಇಳಿದು ತುಳಿಯುವ ಜನ. ವಾಸನೆಗೆ ಅಂತ ಬಾಗಿಲಲ್ಲೇ ಪುದೀನ ಕೊಡುತ್ತಾರೆ. ಅಮ್ಮ, ನನ್ನ ಮಗಳು ಅದರೊಳಗೇ ಮುಖ ಹುದುಗಿಸಿದ್ದರು. ಅಪ್ಪ ಪುದೀನವನ್ನು ಕಿವಿಗೆ ಸಿಕ್ಕಿಸಿಕೊಂಡು ಮೂಗರಳಿಸಿ ನಿಂತಿದ್ದರು.

"ಸುಣ್ಣ," ಅಂದರು. "ಇನ್ನೊಂದು ಏನೋ ಐತೆ. ಕೋಳಿ ಗೊಬ್ಬರದ ಥರ."

ಪಾರಿವಾಳದ ಹಿಕ್ಕೆ. ಅದರಲ್ಲಿ ನೆನೆಸಿದರೆ ಚರ್ಮ ಮೆತ್ತಗಾಗುತ್ತದಂತೆ. ಅಪ್ಪನಿಗೆ ಇಡೀ ಫೆಸ್‌ನಲ್ಲಿ ಹಿಡಿಸಿದ್ದು ಇದೇ ಅಂತ ನನ್ನ ಅನುಮಾನ.

ಹಾಜ್ಜಾ ತಂಗಿಯ ಮನೆಯಲ್ಲೇ ಉಳಿದರು. ಹೊರಡುವಾಗ ಸುತ್ತಿಗೆಯಲ್ಲಿ ಸಕ್ಕರೆ ಗೋಪುರದ ತುದಿ ಒಡೆದು ಅಮ್ಮನ ಕೈಗಿಟ್ಟರು. ಅಮ್ಮ ಬೆಲ್ಲದ ಅಚ್ಚನ್ನು ಪೂರ್ತಿ ಕೊಟ್ಟು ಬಂದರು.

ವಾಪಸ್ ಬೇರೆ ದಾರಿ. ಇಫ್ರಾನ್‌ನಲ್ಲಿ ಕಾಫಿ, ಅಜ್ರೂ ಕಾಡಿನ ದೇವದಾರು ಮರಗಳ ಕೆಳಗೆ ಬಾಲವಿಲ್ಲದ ಮಂಗಗಳು. ಮಗಳ ಬಿಸ್ಕತ್ತು ಅವುಗಳ ಪಾಲು. ಬೆನಿ ಮೆಲ್ಲಾಲ್‌ನಲ್ಲಿ ರಾತ್ರಿ. ಬೆಳಿಗ್ಗೆ ಖುರೀಬ್ಗಾ.

ನೋಡಲು ಏನೂ ಇಲ್ಲ ಅಂತ ನಮ್ಮನೆಯವರು ಮೊದಲೇ ಹೇಳಿದ್ದರು. ನಿಜ. ಬೂದು ಬಣ್ಣದ ಬೋಳು ಬಯಲು, ಅಗೆದು ಗುಡ್ಡೆ ಹಾಕಿದ ಮಣ್ಣು. ಅಪ್ಪ ಕೇಳಿದ್ದ ಡಿಎಪಿ ಕಲ್ಲು, ಅಂದರೆ ಫಾಸ್ಫೇಟ್, ಇಲ್ಲಿ 1921ರಿಂದ ಅಗೆಯುತ್ತಿದ್ದಾರೆ. ಮುಂಚೆ ಎಲ್ಲ ರೈಲಿನಲ್ಲೇ ಬಂದರಿಗೆ ಹೋಗುತ್ತಿತ್ತು. 2014ರಿಂದ ಪುಡಿಯನ್ನು ನೀರಿನಲ್ಲಿ ಕಲಸಿ ಸುಮಾರು 187 ಕಿಲೋಮೀಟರ್ ಪೈಪಿನಲ್ಲಿ ಜೊರ್ಫ್ ಲಸ್ಫರ್‌ಗೆ ಹರಿಸುತ್ತಾರೆ. "ನಾಲೆ ಥರ," ಅಂದರು ಅಪ್ಪ. ಗಣಿಯೊಳಗೆ ಬಿಡುವುದಿಲ್ಲ. ರಸ್ತೆ ಬದಿಯಲ್ಲೇ ನಿಂತೆವು.

ಒಬ್ಬ ಮುದುಕ ರಟ್ಟಿನ ಡಬ್ಬಿಯಲ್ಲಿ ಶಾರ್ಕ್ ಮೀನಿನ ಹಲ್ಲು ಮಾರುತ್ತಿದ್ದ. ಈ ಬಯಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳ. ಫಾಸ್ಫೇಟ್ ಪದರದಲ್ಲಿ ಹಲ್ಲುಗಳು ಹಾಗೇ ಸಿಗುತ್ತವೆ. ಅಪ್ಪ ಒಂದನ್ನು ಆರಿಸಿದರು. ಹೆಬ್ಬೆರಳಿನಷ್ಟು ಉದ್ದ, ಕಂದು ಬಣ್ಣ, ಅಂಚು ಇನ್ನೂ ಚೂಪು. ಚೌಕಾಸಿ ಮಾಡದೆ ಹತ್ತು ದಿರ್ಹಮ್ ಕೊಟ್ಟರು. ಜೀವಮಾನದಲ್ಲಿ ಇದೇ ಮೊದಲು ಅಂತ ಅಮ್ಮ ಈಗಲೂ ಹೇಳುತ್ತಾರೆ.

ಊರಿಗೆ ಹೋಗಿ ಎರಡು ತಿಂಗಳಾದ ಮೇಲೆ ಫೋನ್ ಬಂತು. ಹಲ್ಲು ಬಿತ್ತನೆ ರಾಗಿಯ ಡಬ್ಬದಲ್ಲಿದೆಯಂತೆ. "ಸೊಸೈಟಿಗೆ ಡಿಎಪಿ ಬಂದಿಲ್ಲ ಕಣವ್ವ, ಎಲ್ಲ ಕ್ಯೂ ನಿಂತವ್ರೆ," ಅಂದರು. "ಆ ಪೈಪು ಸ್ವಲ್ಪ ಜೋರಾಗಿ ಬಿಡೋಕೆ ಅಳಿಯಂದ್ರಿಗೆ ಹೇಳು."