ಕೀರ್ತನೆ ಪುಸ್ತಕ ಹಿಡಿದು ನಂದಿ ಬೆಟ್ಟಕ್ಕೆ: ಹೋಗುವವರಿಗೆ ಒಂದಿಷ್ಟು ಮಾತು

ಬೈಬಲ್‌ನಲ್ಲಿ ದೇವರ ಮಹಿಮೆ ಬಂದ ಎಷ್ಟೋ ಕಡೆ ಬೆಳಕು, ಮೋಡ, ಗುಡುಗು, ಮಿಂಚು ಜೊತೆಗೇ ಬರುತ್ತವೆ. ಆ ಭಾಗಗಳನ್ನು ಬಯಲಲ್ಲೇ ಕೂತು ಓದೋಣ ಅಂತ ನಮ್ಮ ಚರ್ಚಿನ ಯುವಕರ ಕೂಟ ಚಿಕ್ಕಬಳ್ಳಾಪುರದ ಕಡೆ, ನಂದಿ ಬೆಟ್ಟಕ್ಕೆ ಹೊರಟಿತು. ಏಪ್ರಿಲ್ ಕೊನೆ, ಭರಣಿ ಮಳೆಯ ದಿನಗಳು. ನೀವೂ ಇದೇ ಕಾಲಕ್ಕೆ ಹೋಗಿ. ಡಿಸೆಂಬರ್ ಮಂಜು ಚೆಂದವೇ, ಆದರೆ ಬೈಬಲ್‌ನ ಹಾಡುಗಳ ಪುಸ್ತಕವಾದ ಕೀರ್ತನೆಗಳಲ್ಲಿ 29ನೆಯದು ಗುಡುಗನ್ನೇ ದೇವರ ಧ್ವನಿ ಎನ್ನುತ್ತದೆ; ಗುಡುಗಿಲ್ಲದಿದ್ದರೆ ಅದು ಸಪ್ಪೆ.

ಶನಿವಾರ, ಭಾನುವಾರ ಬೇಡವೇ ಬೇಡ. ಗೇಟಿನ ಸಮಯ, ವಾಹನಗಳ ನಿಯಮ ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಬೆಟ್ಟ 1,478 ಮೀಟರ್ ಎತ್ತರ, ಬೇಸಿಗೆಯಲ್ಲೂ ಮುಂಜಾನೆ ಸ್ವೆಟರ್ ಬೇಕಾಗುತ್ತದೆ. ಬೈಬಲ್ ಒಯ್ಯುವುದಕ್ಕಿಂತ ಓದುವ ಪುಟಗಳನ್ನು ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳಿ. ಬೈಬಲಿನ ತೆಳು ಹಾಳೆಗಳು ಮಂಜಿಗೆ ಒದ್ದೆಯಾಗಿ ಒಂದಕ್ಕೊಂದು ಅಂಟುತ್ತವೆ, ಬಿಡಿಸಹೋದರೆ ಹರಿಯುತ್ತವೆ. ಬನ್ನು, ಬಾಳೆಹಣ್ಣು ಬ್ಯಾಗಿನೊಳಗೇ ಇರಲಿ, ಕೋತಿಗಳಿವೆ. ಗಿಟಾರ್, ಸ್ಪೀಕರ್ ಬೇಡ. ಮೇಲೆ ಯೋಗ ನಂದೀಶ್ವರನ ಗುಡಿಯಿದೆ, ಪೂಜೆಗೆ ಬಂದವರಿಗೆ ನಮ್ಮ ಹಾಡು ಕಿರಿಕಿರಿಯಾಗಬಾರದು.

ಬೆಳಗಿನ ಹೊತ್ತಿಗೆ 104ನೇ ಕೀರ್ತನೆ ಇಟ್ಟುಕೊಳ್ಳಿ. ಅಲ್ಲಿ ದೇವರು ಬೆಳಕನ್ನೇ ಹೊದ್ದಿದ್ದಾನೆ, ಮೋಡಗಳೇ ಅವನ ರಥ. ಹಿಂದಿನ ರಾತ್ರಿ ಮಳೆಯಾಗಿತ್ತು, ನೀಲಗಿರಿ ಎಲೆಗಳಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಮಂಜಿನ ಹಿಂದೆ ಸೂರ್ಯ ಬರಿ ಬಿಳೀ ಬಿಲ್ಲೆ, ಎಲ್ಲರೂ ನೆಟ್ಟ ನೋಟದಲ್ಲಿ ನೋಡಿದೆವು. ಮಂಜು ಸರಿದದ್ದೇ ತಡ, ಕಣ್ಣಿಗೆ ಕೈ ಅಡ್ಡ ಹೋಯಿತು. ದೇವರು ಮೋಶೆಗೆ ಕಾಣಿಸಿಕೊಂಡ ಸೀನಾಯಿ ಬೆಟ್ಟವನ್ನು ಕಾರ್ಮೋಡ ಯಾಕೆ ಮುಚ್ಚಿತು ಅಂತ ಮತ್ತೆ ವಿವರಿಸುವ ಕೆಲಸ ಉಳಿಯಲಿಲ್ಲ. ಮೋಡ ಮಹಿಮೆಗೆ ಅಡ್ಡಿಯಲ್ಲ, ಮನುಷ್ಯ ತಡೆದುಕೊಳ್ಳುವಷ್ಟಕ್ಕೆ ಹಾಕಿದ ಮರೆ. ಪ್ರವಾದಿ ಹಬಕ್ಕೂಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಬೈಬಲ್‌ನಲ್ಲಿರುವ ಅವನ ಪುಸ್ತಕದ 3ನೇ ಅಧ್ಯಾಯದಲ್ಲಿ ದೇವರ ಕೈಯಿಂದ ಹೊರಡುವ ಕಿರಣಗಳಲ್ಲೇ ಆತನ ಬಲ ಅಡಗಿದೆ; ಬೆಳಕೇ ಮರೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಸಿಕ್ಕ ದೊಡ್ಡ ಮಾತು ಇದೇ.

ಹನ್ನೊಂದರೊಳಗೆ ಇಳಿದುಬಿಡಿ. ಗುಡುಗಿನ ಕೀರ್ತನೆಯನ್ನು ಬೋಳು ಬಂಡೆ ಮೇಲೆ ನಿಂತು ಓದುವ ಹುಮ್ಮಸ್ಸು ಖಂಡಿತ ಬೇಡ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲಿನ ಅಪಾಯದೊಳಗೇ ಇದ್ದೀರಿ ಎಂದರ್ಥ. ಮರದಡಿಯೂ ನಿಲ್ಲಬೇಡಿ, ಗಟ್ಟಿ ಕಟ್ಟಡದೊಳಗೋ ಕಿಟಕಿ ಮುಚ್ಚಿದ ಕಾರಿನೊಳಗೋ ಇರಿ.

ನಾವು ಊರ ಹತ್ತಿರ ಪರಿಚಯದವರೊಬ್ಬರ ಮನೆಯಲ್ಲಿ ಊಟ ಮಾಡಿ ಮಳೆಗೆ ಕಾದೆವು. ಮೂರರ ನಂತರ ಮೋಡ ಕಟ್ಟಿತು. 29ನೇ ಕೀರ್ತನೆಯ ಬಿರುಗಾಳಿಗೆ ಒಂದು ದಾರಿಯೇ ಇದೆ: ನೀರಿನ ಮೇಲೆ ಹುಟ್ಟಿ, ಲೆಬನೋನಿನ ದೇವದಾರುಗಳನ್ನು ಮುರಿದು, ಕಾದೇಶಿನ ಮರುಭೂಮಿಯವರೆಗೆ ಹೋಗುತ್ತದೆ. ಯೆಹೋವನ (ಅಂದರೆ ದೇವರ) ಧ್ವನಿ ಎಂಬ ಮಾತು ಅದರಲ್ಲಿ 7 ಸಲ ಬರುತ್ತದೆ. ಏಳು ಜನಕ್ಕೆ ಹಂಚಿ ಓದಿಸಿ, ಚೆನ್ನಾಗಿರುತ್ತದೆ.

ಮನೆಯ ಯಜಮಾನರು ಮಾತ್ರ ಬಾಗಿಲಲ್ಲೇ ನಿಂತು ದ್ರಾಕ್ಷಿ ಚಪ್ಪರದ ಕಡೆ ನೋಡುತ್ತಿದ್ದರು. "ನಿಮಗೇನಪ್ಪಾ, ಕೀರ್ತನೆ. ನಮಗೆ ಆಲಿಕಲ್ಲು ಬಿದ್ರೆ ವರ್ಷದ ಬೆಳೆ ಹೋಯ್ತು" ಅಂದರು. ಯಾರೂ ಉತ್ತರ ಹೇಳಲಿಲ್ಲ. ಹಾಗಂತ ಬೈಬಲ್ ಅವರ ದಿಗಿಲನ್ನು ಮರೆತಿಲ್ಲ. 78ನೇ ಕೀರ್ತನೆ ಐಗುಪ್ತದ (ಈಜಿಪ್ಟಿನ) ಮೇಲೆ ದೇವರು ತಂದ ಬಾಧೆಗಳನ್ನು ಎಣಿಸುವಾಗ, ಕಲ್ಮಳೆಗೆ ನಾಶವಾದ ದ್ರಾಕ್ಷಾಬಳ್ಳಿಗಳನ್ನೂ ಹೇಳುತ್ತದೆ. ಆದ್ದರಿಂದ ಈ ಭಾಗಗಳನ್ನು ಬರೀ ಪ್ರಕೃತಿ ವರ್ಣನೆಯಂತೆ ಓದಿ ಮುಗಿಸಬೇಡಿ. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನ ಮುಂದೆ ಬಿರುಗಾಳಿ ಬಂಡೆ ಒಡೆದರೂ ಯೆಹೋವನು ಅದರಲ್ಲಿರಲಿಲ್ಲ ಎನ್ನುವ, ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನಮ್ಮಲ್ಲಿ ಹೆಚ್ಚು ಹೊತ್ತು ಚರ್ಚೆ ನಡೆದದ್ದು ಅದರ ಮೇಲೆಯೇ.

ವಯಸ್ಸಾದವರಿದ್ದರೆ ನಂದಿಯೇ ಸರಿ, ಮೇಲಿನವರೆಗೆ ರಸ್ತೆಯಿದೆ. ಹುಡುಗರು ಹತ್ತಿರದ ಸ್ಕಂದಗಿರಿ ಬೆಟ್ಟ ಬೇಕೆಂದರೆ ಚಾರಣಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಸಿ.