ಚಿಕ್ಕಮಗಳೂರಿಗೆ ವರ್ಗವಾಗಿದೆ, ಮಗುವನ್ನು ಯಾವ ಶಿಶುವಿಹಾರಕ್ಕೆ ಸೇರಿಸುವುದು?

ಏಪ್ರಿಲ್ ತಿಂಗಳು ಬಂತೆಂದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬ್ಯಾಂಕಿಗೆ, ಪೊಲೀಸ್ ಇಲಾಖೆಗೆ, ವೈದ್ಯಕೀಯ ಕಾಲೇಜಿಗೆ ವರ್ಗವಾಗಿ ಬಂದವರು, ಕಾಫಿ ತೋಟದ ಮ್ಯಾನೇಜರಾಗಿ ಸೇರಿಕೊಂಡವರು, ನಾನು ಹಿಂದೆ ಇಲ್ಲಿನ ಶಿಶುವಿಹಾರವೊಂದರಲ್ಲಿ ಪಾಠ ಮಾಡುತ್ತಿದ್ದೆನೆಂದು ಯಾರಿಂದಲೋ ತಿಳಿದು, "ಮೇಡಂ, ಚಿಕ್ಕಮಗಳೂರಲ್ಲಿ ಯಾವ ಪ್ರೀ-ಸ್ಕೂಲ್ ಚೆನ್ನಾಗಿದೆ?" ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ಹೆಸರು. ನಾನು ಹೆಸರು ಹೇಳುವುದಿಲ್ಲ. ಮೂರು ವರ್ಷದ ಮಗುವಿನ ಮಟ್ಟಿಗೆ ಶಾಲೆಯೆಂದರೆ ತನ್ನನ್ನು ಎತ್ತಿಕೊಳ್ಳುವ, ಮೂಗು ಒರೆಸುವ ಒಬ್ಬಿಬ್ಬರು. ಅವರು ಕಳೆದ ವರ್ಷ ಅಲ್ಲಿದ್ದು ಈ ವರ್ಷ ಬಿಟ್ಟು ಹೋಗಿದ್ದರೆ, ಕಟ್ಟಡ, ಬೋರ್ಡು, ಸಮವಸ್ತ್ರ ಎಲ್ಲವೂ ಹಾಗೇ ಇದ್ದರೂ ನನ್ನ ಹಳೆಯ ಶಿಫಾರಸಿಗೆ ಬೆಲೆಯಿಲ್ಲ.

ಆದ್ದರಿಂದ ಯಾವ ಶಾಲೆಗೆ ಹೋದರೂ ಮೊದಲು ಕೇಳಬೇಕಾದದ್ದು, ಈ ತರಗತಿಯ ಮಿಸ್ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಆಯಮ್ಮ ಬಂದು ಎಷ್ಟು ವರ್ಷವಾಯಿತು ಎಂಬುದನ್ನು. ಊರಿನಲ್ಲೇ ಹುಟ್ಟಿ ಬೆಳೆದ ಮಗುವಿಗೆ ಇದು ಅಷ್ಟೇನೂ ದೊಡ್ಡ ಸಂಗತಿಯಾಗದಿರಬಹುದು, ಏಕೆಂದರೆ ಅದಕ್ಕೆ ಸಂಜೆ ಹಿಂದಿರುಗಲು ಅದೇ ಮನೆ, ಅದೇ ಅಜ್ಜಿ, ಅದೇ ಬೀದಿ ಇರುತ್ತದೆ. ವರ್ಗವಾಗಿ ಬಂದ ಮಗುವಾದರೋ ಮನೆ, ಅಜ್ಜಿ, ಪಕ್ಕದ ಮನೆಯ ಗೆಳೆಯ ಎಲ್ಲವನ್ನೂ ಒಂದೇ ಲಾರಿ ಸಾಮಾನಿನ ಹಿಂದೆ ಬಿಟ್ಟು ಬಂದಿರುತ್ತದೆ. ಅಂಥ ಮಗು ಆಗಸ್ಟ್ ಹೊತ್ತಿಗೆ ಒಬ್ಬ ಮಿಸ್‌ಗೆ ಹೊಂದಿಕೊಂಡು, ದಸರಾ ರಜೆ ಮುಗಿಸಿ ಬಂದಾಗ ಅವರ ಜಾಗದಲ್ಲಿ ಮತ್ತೊಬ್ಬರನ್ನು ಕಂಡರೆ ಮೊದಲಿನಿಂದ ಅಳು ಆರಂಭವಾಗುತ್ತದೆ. ವರ್ಷಕ್ಕೊಬ್ಬ ಶಿಕ್ಷಕಿ ಬದಲಾಗುವ ಕಡೆ ಸಂಬಳ ಸರಿಯಾಗಿ ಕೊಡುತ್ತಿಲ್ಲವೆಂದೇ ಲೆಕ್ಕ. ಮುಖ್ಯಸ್ಥರು ಈ ಪ್ರಶ್ನೆಗೆ ನೇರವಾಗಿ ಉತ್ತರಿಸದೆ ಸ್ಮಾರ್ಟ್ ಬೋರ್ಡ್ ತೋರಿಸಲು ಎದ್ದರೆ, ನೀವು ಚಪ್ಪಲಿ ಹಾಕಿಕೊಂಡು ಹೊರಡಬಹುದು.

ಈ ಒಂದು ಅಳತೆಯಿಂದ ನೋಡಿದರೆ, ಹೊಸದಾಗಿ ಬಂದವರು ಗಮನಿಸುವುದೇ ಇಲ್ಲದ ಅಂಗನವಾಡಿಗೆ ಹೆಚ್ಚಿನ ಅಂಕ ಸಿಗುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ನಡೆಯುವ ಈ ಕೇಂದ್ರಗಳಲ್ಲಿ ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಬಡಾವಣೆಯವರು ಅಥವಾ ಅದೇ ಹಳ್ಳಿಯವರು, ಬಹಳ ವರ್ಷ ಅಲ್ಲೇ ಇರುವವರು. ಬೀದಿಯ ಪ್ರತಿ ಮಗುವಿನ ತೂಕ, ಲಸಿಕೆ, ಮನೆಯ ಪರಿಸ್ಥಿತಿ ಅವರಿಗೆ ಗೊತ್ತಿರುತ್ತದೆ. ಊಟ, ಹಾಲು ಸಿಗುತ್ತದೆ, ಶುಲ್ಕವಿಲ್ಲ, ನಡೆದು ಹೋಗುವ ದೂರ. 2024ರಿಂದ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳೂ ಆರಂಭವಾಗಿವೆ. ಕೊರತೆಗಳನ್ನು ಮುಚ್ಚಿಡುವುದಿಲ್ಲ: ಸಮೀಕ್ಷೆ, ಚುನಾವಣೆ ಕೆಲಸ, ದಾಖಲೆ ಪುಸ್ತಕಗಳ ನಡುವೆ ಕಾರ್ಯಕರ್ತೆಗೆ ಮಕ್ಕಳೊಡನೆ ಕೂರಲು ಸಮಯ ಸಾಲುವುದಿಲ್ಲ, ಕೆಲವೆಡೆ ಬಾಡಿಗೆಯ ಒಂದೇ ಕೋಣೆ. ಆದರೂ ಎರಡೂವರೆ, ಮೂರು ವರ್ಷದ ಮಗುವಿಗೆ ಊರು ಪರಿಚಯವಾಗಲು ಮೊದಲ ವರ್ಷ ಅಲ್ಲಿ ಬಿಟ್ಟು ನೋಡಿ ಎಂದು ನಾನು ಅನೇಕರಿಗೆ ಹೇಳಿದ್ದೇನೆ. ಮುಖ ಸಿಂಡರಿಸಿದವರೇ ಹೆಚ್ಚು.

ಆತುರಪಡಬೇಕಾಗಿಲ್ಲ ಎಂಬುದಕ್ಕೆ ವಯಸ್ಸಿನ ಲೆಕ್ಕವೇ ಸಾಕು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. 2025-26ನೇ ಸಾಲಿನಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟರು. ಕೇಂದ್ರೀಯ ವಿದ್ಯಾಲಯಗಳು ಮಾರ್ಚ್ 31ರ ಲೆಕ್ಕ ಹಿಡಿಯುತ್ತವೆ, ಮತ್ತೆ ವರ್ಗವಾಗುವವರು ಇದನ್ನೂ ನೆನಪಿಡಬೇಕು. 2023ರ ಜುಲೈಯಲ್ಲಿ ಹುಟ್ಟಿದ ಮಗುವಿಗೆ 2029ರ ಜೂನ್ 1ಕ್ಕೆ ಆರು ತುಂಬಿರುವುದಿಲ್ಲವಾದ್ದರಿಂದ ಈ ನಿಯಮದಂತೆ ಅದರ ಒಂದನೇ ತರಗತಿ 2030ರಲ್ಲಿ, ಎಲ್‌ಕೆಜಿ 2028ರಲ್ಲಿ. ಸೀಟು ಮುಗಿದುಹೋಗುತ್ತದೆಂಬ ಭಯಕ್ಕೆ ಅದನ್ನು ಒಂದು ವರ್ಷ ಮೊದಲೇ ಎಲ್‌ಕೆಜಿಗೆ ತಳ್ಳಿದರೆ, ಕೊನೆಗೆ ಯುಕೆಜಿಯಲ್ಲಿ ಎರಡನೇ ವರ್ಷ ಕೂರಿಸಬೇಕಾಗುತ್ತದೆ. ಪ್ರವೇಶದ ಸಮಯದಲ್ಲಿ ಮಗುವಿಗೆ ಸಂದರ್ಶನ ಮಾಡುವ ಶಾಲೆಗಳ ಬಗ್ಗೆಯೂ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಶಾಲಾ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸಿದೆ. ಮೂರು ವರ್ಷದ ಮಗುವನ್ನು ನಿಲ್ಲಿಸಿ ಬಣ್ಣದ ಹೆಸರು ಕೇಳುವವರು ಮುಂದೆ ಏನು ಮಾಡುವರೆಂಬುದನ್ನು ಆಗಲೇ ತೋರಿಸಿಕೊಟ್ಟಿರುತ್ತಾರೆ.

ಶಾಲೆಯನ್ನು ನೋಡಲು ಅವರು ಕರೆದ ಹೊತ್ತಿಗೆ ಹೋಗುವುದಕ್ಕಿಂತ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ತಿಂಡಿ ಡಬ್ಬಿ ತೆರೆಯುವ ಸಮಯದಲ್ಲಿ ಅನುಮತಿ ಕೇಳಿ ಹೋಗುವುದು ಒಳ್ಳೆಯದು. ಮಕ್ಕಳು ಒಬ್ಬರಾದ ಮೇಲೊಬ್ಬರು ಶೌಚಕ್ಕೆ ಹೋಗುವುದೂ ಆ ಹೊತ್ತಿನಲ್ಲೇ. ಯಾರು ಕರೆದುಕೊಂಡು ಹೋಗುತ್ತಾರೆ, ಮಗು ತನ್ನ ಮನೆಮಾತಿನಲ್ಲಿ "ಸುಸ್ಸು" ಎಂದೋ ಮತ್ತೇನೆಂದೋ ಹೇಳಿದರೆ ಅವರಿಗೆ ತಿಳಿಯುತ್ತದೆಯೇ, ಚಡ್ಡಿ ಒದ್ದೆ ಮಾಡಿಕೊಂಡ ಮಗುವಿನೊಡನೆ ಯಾವ ದನಿಯಲ್ಲಿ ಮಾತನಾಡುತ್ತಾರೆ ಎಂಬುದನ್ನು ಹತ್ತು ನಿಮಿಷ ನಿಂತು ನೋಡಿದರೆ, ಬಣ್ಣದ ಕರಪತ್ರ ತಿಳಿಸದ ಎಲ್ಲವೂ ತಿಳಿಯುತ್ತದೆ. "ಇಂಗ್ಲಿಷಲ್ಲೇ ಕೇಳಬೇಕು" ಎಂದು ಮಗುವನ್ನು ಕಾಯಿಸುವ ಕಡೆಗಳೂ ಇವೆ. ಅದು ನನಗೆ ಕ್ರೌರ್ಯವೆಂದೇ ತೋರುತ್ತದೆ. ಜೊತೆಗೆ ತಲೆ ಎಣಿಸಿ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಪ್ರಕಾರ ಮೂರರಿಂದ ಆರು ವರ್ಷದ 20 ಮಕ್ಕಳಿಗೆ, ಮೂರು ವರ್ಷಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬ ದೊಡ್ಡವರಿರಬೇಕು. ಮನೆಯನ್ನೇ ಪ್ಲೇ ಹೋಂ ಮಾಡಿರುವ ಕಡೆ ನಡುಮನೆಯಲ್ಲಿ ಮೂವತ್ತು ಮಕ್ಕಳನ್ನು ತುಂಬಿ ಒಬ್ಬರೇ ನಿಂತಿರುವುದನ್ನು ನೋಡಿದರೆ ಮತ್ತೇನನ್ನೂ ಕೇಳಬೇಕಾಗಿಲ್ಲ.

ಬೋರ್ಡಿನ ಮೇಲಿರುವ ಮಾಂಟೆಸ್ಸರಿ ಎಂಬ ಹೆಸರಿಗೆ ಮಾರುಹೋಗಬೇಡಿ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ಆರಂಭಿಸಿದ ಆ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು, ತಾವೇ ಆರಿಸಿಕೊಂಡ ಸಲಕರಣೆಯೊಡನೆ ಚಾಪೆ ಹಾಸಿ ಕೂತಿದ್ದಾರೆಯೇ ನೋಡಿ; ಸಲಕರಣೆಗಳು ಗಾಜಿನ ಬೀರುವಿನೊಳಗಿದ್ದು ಮಕ್ಕಳು ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರ ತಿದ್ದುತ್ತಿದ್ದರೆ ಅದು ಮಾಂಟೆಸ್ಸರಿಯಲ್ಲ.

ಮಳೆಗಾಲದ ವಿಚಾರವನ್ನು ಬಯಲುಸೀಮೆಯಿಂದ ಬರುವವರು ಯೋಚಿಸಿರುವುದೇ ಇಲ್ಲ. ಶೃಂಗೇರಿ, ಕೊಪ್ಪದಷ್ಟು ಮಳೆ ಚಿಕ್ಕಮಗಳೂರು ಪಟ್ಟಣಕ್ಕಿಲ್ಲವಾದರೂ ಶಾಲೆ ಶುರುವಾದ ಕೆಲವೇ ದಿನಗಳಲ್ಲಿ ಹಿಡಿಯುವ ಜಡಿಮಳೆ, ಚಳಿಗಾಳಿ ಆಗಸ್ಟ್‌ವರೆಗೂ ಬಿಡುವುದಿಲ್ಲ. ತೆರೆದ ಆಟದ ಮೈದಾನ ಆ ತಿಂಗಳುಗಳಲ್ಲಿ ಕೆಸರು. ಮಕ್ಕಳಿಗೆ ಓಡಾಡಲು ಶೀಟು ಹೊದಿಸಿದ ಜಗಲಿಯೋ ಅಂಗಳವೋ ಇದೆಯೇ, ಒದ್ದೆ ಸ್ವೆಟರ್, ಸಾಕ್ಸ್ ಒಣಗಿಸಲು ಜಾಗವಿದೆಯೇ, ಕೈ ತೊಳೆಯಲು ಬಿಸಿನೀರು ಕೊಡುತ್ತಾರೆಯೇ ಎಂದು ಕೇಳಲೇಬೇಕು. ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಅಂಗನವಾಡಿ, ಶಾಲೆಗಳಿಗೆ ರಜೆ ಘೋಷಿಸುತ್ತಾರೆ, ಕೆಲವೊಮ್ಮೆ ಅದೇ ದಿನ ಬೆಳಿಗ್ಗೆ. ದಂಪತಿಗಳಿಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ ದಿನ ಮಗುವನ್ನು ನೋಡಿಕೊಳ್ಳುವವರು ಯಾರೆಂದು ಜೂನ್‌ಗೆ ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಇದೇ ಕಾರಣಕ್ಕೆ ಹತ್ತಿರದ ಶಾಲೆಯ ಪರವಾಗಿ ನಾನು ಹಟ ಹಿಡಿಯುತ್ತೇನೆ. ಜ್ಯೋತಿನಗರದಲ್ಲಿ ಮನೆ ಮಾಡಿ, ಹೆಸರು ಕೇಳಿ ಊರಿನ ಆ ತುದಿಯ ಶಾಲೆಗೆ ಮೂರು ವರ್ಷದ ಕೂಸನ್ನು ಓಮ್ನಿಯಲ್ಲಿ ಹನ್ನೆರಡನೆಯವನಾಗಿ ಕೂರಿಸಿ ಕಳಿಸುವುದರಲ್ಲಿ ಅರ್ಥವಿಲ್ಲ. ಆಲ್ದೂರು, ಮಲ್ಲಂದೂರು ಕಡೆ ತೋಟದಲ್ಲೇ ಮನೆಯಿರುವವರು, ಮಗುವಿಗೆ ನಾಲ್ಕು ತುಂಬುವವರೆಗೆ ಪಟ್ಟಣದ ಶಾಲೆಯ ಯೋಚನೆಯನ್ನೇ ಬಿಟ್ಟು, ಹಳ್ಳಿಯ ಅಂಗನವಾಡಿಗೆ ಕಳಿಸಿದರೆ ಸಾಕು. ಐವತ್ತು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತ್ತು. ಅಲ್ಲಿ ಕೂಲಿಯವರ ಮಕ್ಕಳೊಡನೆ ಮ್ಯಾನೇಜರರ ಮಗು ಆಡಿದರೆ ಏನೂ ಕೆಡುವುದಿಲ್ಲ.

ಸಾಮಾನು ಇಳಿಸಿದ ಮರುದಿನವೇ ಮಗುವನ್ನು ಶಾಲೆಗೆ ಬಿಡಬೇಡಿ. ಎರಡು ಮೂರು ವಾರ ಹೊಸ ಮನೆಯಲ್ಲಿ ನಿದ್ದೆ, ಊಟ ಹೊಂದಿಕೊಳ್ಳಲಿ, ಸಂಜೆ ಶಾಲೆಯ ಗೇಟಿನವರೆಗೆ ನಡೆಸಿಕೊಂಡು ಹೋಗಿ ತೋರಿಸಿ. ಮೊದಲ ವಾರ ತಾಯಿಯೋ ತಂದೆಯೋ ಒಳಗೆ ಸ್ವಲ್ಪ ಹೊತ್ತು ಕೂರಲು ಬಿಡುತ್ತಾರೆಯೇ ಎಂದು ವಿಚಾರಿಸಿ. ಬಿಡುವುದಿಲ್ಲವೆಂದರೆ ಕಾರಣ ಕೇಳಿ. ಮಗುವಿನ ಕಣ್ಣು ತಪ್ಪಿಸಿ ಓಡಿ ಬರುವುದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ, ಹೇಳಿಯೇ ಹೊರಡಿ, ಅಳಲಿ. ತಿಂಗಳು ಕಳೆದರೂ ರಾತ್ರಿ ಬೆಚ್ಚಿ ಎದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಮಿಸ್ ಜೊತೆ ಮಾತನಾಡಿ, ಬೇಕಾದರೆ ಕೆಲವು ತಿಂಗಳು ಬಿಡಿಸಿ. ಹಾಗೆ ಬಿಡಿಸುವ ಸ್ವಾತಂತ್ರ್ಯ ನಿಮಗಿರಬೇಕಾದರೆ ಇಡೀ ವರ್ಷದ ಶುಲ್ಕವನ್ನು ಒಂದೇ ಸಲ ಕಟ್ಟಬಾರದು. ಕಂತಿನಲ್ಲಿ ಕಟ್ಟಲು ಒಪ್ಪುತ್ತಾರೆಯೇ, ಮಧ್ಯದಲ್ಲಿ ಮತ್ತೆ ವರ್ಗವಾದರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.